ಈ ರೀಲು ತೊಳೆಸುವುದೆಲ್ಲಿ?

2014ರ ಬೇಸಿಗೆಯಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ತವರುಮನೆಯ ಹಂಚು ಇಳಿಸಿ ಹೊಸದಾಗಿ ಹೊದೆಸಿದರು. ಅಟ್ಟದ ಮೇಲಿನ ಸಾಮಾನೆಲ್ಲ ಅಂಗಳಕ್ಕೆ ಬಂತು. ಒಡೆದ ಕೊಳಗ, ಹಿಡಿಯಿಲ್ಲದ ಕತ್ತಿ, ಯಾರದೋ ಮದುವೆಯಲ್ಲಿ ಉಡುಗೊರೆ ಬಂದ ತಟ್ಟೆಗಳು, ಅವುಗಳ ನಡುವೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಮುಚ್ಚಳ ತುಕ್ಕು ಹಿಡಿದು ಕೂತಿತ್ತು, ಚಮಚದ ಹಿಡಿಯಿಂದ ಮೀಟಿ ತೆಗೆದೆ. ಒಳಗೆ ಅಂಗೈಗಿಂತ ಚಿಕ್ಕವಾದ ಎರಡು ಕರಿ ಪ್ಲಾಸ್ಟಿಕ್ ಪೆಟ್ಟಿಗೆ, ಜೊತೆಗೆ ಜಿರಲೆ ಕಚ್ಚಿದ ಒಂದು ಹಳದಿ ಲಕೋಟೆ. ಪೆಟ್ಟಿಗೆಗಳ ಮೇಲೆ ಕೊಡಕ್ ಕಂಪನಿಯ ಹೆಸರು, ಅದರ ಕೆಳಗೆ ‘ಕೊಡಾಕ್ರೋಮ್ 40’ ಎಂಬ ಅಕ್ಷರ.

ಅಣ್ಣ ಒಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, “ಹಳೇ ಟೇಪ್ ರೆಕಾರ್ಡರಿನ ಕ್ಯಾಸೆಟ್ ಇರಬೇಕು ಕಣೇ, ಗುಜರಿಗೆ ಹಾಕು” ಅಂದ. ನನಗೆ ಗುರುತು ಸಿಕ್ಕಿಬಿಟ್ಟಿತ್ತು. 1979ರ ಡಿಸೆಂಬರಿನಲ್ಲಿ ಓಹಿಯೋದಿಂದ ರಜೆಗೆ ಬಂದಿದ್ದ ಚಿಕ್ಕಪ್ಪ ಗಿರ್ರೆನ್ನುವ ಒಂದು ಕ್ಯಾಮೆರಾ ಹಿಡಿದು ಮನೆ ತುಂಬ ಓಡಾಡಿದ್ದ. ನಾನಾಗ ಬಿ.ಎಸ್ಸಿ. ಓದುತ್ತಿದ್ದ ಹತ್ತೊಂಬತ್ತರ ಹುಡುಗಿ. ಅಡಿಕೆ ಕೊಯ್ಲಿನ ಕಾಲ, ಅಂಗಳದ ತುಂಬ ಜನ. ಅಮೆರಿಕಕ್ಕೆ ವಾಪಸು ಹೋದಮೇಲೆ ರೀಲುಗಳನ್ನು ಅಲ್ಲಿಯೇ ತೊಳೆಸಿ ಕಳಿಸುವುದು ಅವನ ಪದ್ಧತಿ. ಇವೆರಡು ಹೇಗೋ ಮರೆತುಹೋಗಿದ್ದವು. ಚಿಕ್ಕಪ್ಪ 1996ರಲ್ಲಿ ತೀರಿಕೊಂಡ. ಮೂವತ್ತೈದು ವರ್ಷ ಆ ರೀಲುಗಳು ಹಂಚಿನಡಿಯ ಬಿಸಿಲು ಮಳೆಗಳನ್ನು ಉಂಡುಕೊಂಡು ಕೂತಿದ್ದವು.

ಪೆಟ್ಟಿಗೆಯ ಒಂದು ಪಕ್ಕದಲ್ಲಿ ಚಿಕ್ಕ ಕಿಂಡಿ, ಅದರೊಳಗೆ ಫಿಲ್ಮಿನ ತುಣುಕು ಕಾಣುತ್ತದೆ. ಕನ್ನಡಕ ಏರಿಸಿ ನೋಡಿದೆ. ಫಿಲ್ಮಿನ ಮೇಲೆಯೇ ‘ಎಕ್ಸ್‌ಪೋಸ್ಡ್’ ಎಂದು ಅಚ್ಚಾಗಿತ್ತು. ರೀಲು ಪೂರ್ತಿ ಓಡಿ ಮುಗಿದಾಗ ಮಾತ್ರ ಕಿಂಡಿಗೆ ಬರುವ ಅಕ್ಷರ ಅದು. ಅಂದರೆ ಎರಡರೊಳಗೂ ಚಿತ್ರವಿದೆ, ತೊಳೆದಿಲ್ಲ ಅಷ್ಟೆ.

ಸ್ಟುಡಿಯೋದವರ ಭಾಷೆಯಲ್ಲಿ ಫಿಲ್ಮನ್ನು ‘ತೊಳೆಸುವುದು’ ಅಂದರೆ ರಾಸಾಯನಿಕಗಳಲ್ಲಿ ಅದ್ದಿ ಚಿತ್ರ ಮೂಡಿಸುವುದು. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವಳಿಗೆ ಇದೆಂಥ ದೊಡ್ಡ ಕೆಲಸ ಅಂದುಕೊಂಡೆ. ತೊಳೆಯುವವರು ಸಿಗುವುದೇ ದೊಡ್ಡ ಕೆಲಸ ಎಂದು ತಿಳಿಯಲು ಆರು ವರ್ಷ ಹಿಡಿಯಿತು, ಒಂದು ರೀಲು ಹೋಯಿತು.

ಉದ್ದಿನ ಕಾಳಿನಷ್ಟು ಚಿತ್ರ

ಮೊದಲು ಈ ಫಿಲ್ಮಿನ ಜಾತಿ ಹೇಳಿಬಿಡುತ್ತೇನೆ. ಥಿಯೇಟರಿನಲ್ಲಿ ಓಡುತ್ತಿದ್ದದ್ದು 35 ಎಂಎಂ. ಮನೆಮಂದಿಗೆ ಅದು ಕೈಗೆಟುಕದ ಖರ್ಚು. ಹಾಗಾಗಿ ಕೊಡಕ್ 1923ರಲ್ಲಿ 16 ಎಂಎಂ, 1932ರಲ್ಲಿ 8 ಎಂಎಂ, 1965ರಲ್ಲಿ ಸೂಪರ್ 8 ಎಂಬ ಕಿರಿಯ ಅಳತೆಗಳನ್ನು ತಂದಿತು. ಚಿಕ್ಕಪ್ಪನದು ಸೂಪರ್ 8. ಒಂದು ಪೆಟ್ಟಿಗೆಯಲ್ಲಿ 50 ಅಡಿ ಫಿಲ್ಮು, ಅದರಲ್ಲಿ 3,600 ಚಿತ್ರ. ಸೆಕೆಂಡಿಗೆ 18 ಚಿತ್ರದಂತೆ ಓಡಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಖಾಲಿ. ಒಂದೊಂದು ಚಿತ್ರದ ಅಗಲ ಆರು ಮಿಲಿಮೀಟರಿಗಿಂತ ತುಸು ಕಡಿಮೆ, ಎತ್ತರ ನಾಲ್ಕು. ಉದ್ದಿನ ಕಾಳಿನಷ್ಟು.

ಇವುಗಳಲ್ಲಿ ಬಹುಪಾಲು ‘ರಿವರ್ಸಲ್’ ಫಿಲ್ಮುಗಳು. ಸಾಮಾನ್ಯ ಫಿಲ್ಮಿನಲ್ಲಿ ಮೊದಲು ನೆಗೆಟಿವ್ ಬರುತ್ತದೆ, ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ. ಅದರಿಂದ ಇನ್ನೊಂದು ಫಿಲ್ಮಿಗೆ ಅಚ್ಚು ಹಾಕಿದರೆ ಸರಿಯಾದ ಚಿತ್ರ. ಹೀಗಾಗಿ ಎರಡೆರಡು ಫಿಲ್ಮಿನ ಖರ್ಚು. ರಿವರ್ಸಲ್‌ನಲ್ಲಿ ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಪ್ರೊಜೆಕ್ಟರಿನಲ್ಲೂ ಓಡುತ್ತದೆ. ಮೊದಲ ಡೆವಲಪರ್ ದ್ರಾವಣದಲ್ಲಿ ಬೆಳಕು ತಾಗಿದ ಬೆಳ್ಳಿಯ ಲವಣವೆಲ್ಲ ಕಪ್ಪು ಬೆಳ್ಳಿಯಾಗುತ್ತದೆ, ಅಂದರೆ ನೆಗೆಟಿವ್ ಮೂಡುತ್ತದೆ. ಆ ಕಪ್ಪನ್ನು ಬ್ಲೀಚಿನಲ್ಲಿ ಕರಗಿಸಿ ತೆಗೆದುಬಿಡುತ್ತಾರೆ. ಆಗ ಉಳಿಯುವುದು ಬೆಳಕು ತಾಗದ ಭಾಗದ ಲವಣ. ಅದಕ್ಕೀಗ ಬೇಕೆಂದೇ ಬೆಳಕು ತೋರಿಸಿ ಎರಡನೇ ಡೆವಲಪರಿನಲ್ಲಿ ಅದ್ದಿದರೆ, ಅದು ಕಪ್ಪಾಗಿ ನೇರ ಚಿತ್ರವಾಗುತ್ತದೆ.

ಉಳಿತಾಯವೇನೋ ದೊಡ್ಡದು, ಅದರ ಜೊತೆಗೆ ಅಪಾಯವೂ ಬಂತು. ನೆಗೆಟಿವ್ ಇದ್ದರೆ ಅಚ್ಚು ಕೆಟ್ಟರೂ ಇನ್ನೊಂದು ತೆಗೆಯಬಹುದು. ರಿವರ್ಸಲ್‌ನಲ್ಲಿ ಇರುವುದು ಒಂದೇ ಪ್ರತಿ, ತೊಳೆಯುವುದಕ್ಕೆ ಸಿಗುವುದು ಒಂದೇ ಸರದಿ.

1963ರ ನವೆಂಬರ್ 22ರಂದು ಡಲ್ಲಾಸಿನಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದದ್ದನ್ನು ಸೆರೆಹಿಡಿದ ಏಬ್ರಹಾಂ ಜಪ್ರೂಡರ್ ಎಂಬ ಬಟ್ಟೆ ಉದ್ಯಮಿಯ ಕೈಯಲ್ಲಿದ್ದದ್ದೂ ಇಂಥದ್ದೇ 8 ಎಂಎಂ ಕೊಡಾಕ್ರೋಮ್. ಇಡೀ ದೃಶ್ಯ 26 ಸೆಕೆಂಡುಗಳ ಮೇಲೆ ಸ್ವಲ್ಪ. ಜಗತ್ತೇ ಕಾಯುತ್ತಿದ್ದ ಆ ರೀಲನ್ನು ಹಿಡಿದುಕೊಂಡು ಆತ ಮೊದಲು ಹೋದದ್ದು ಟೀವಿ ಕೇಂದ್ರಕ್ಕೆ. ಅಲ್ಲಿ ಆ ಫಿಲ್ಮು ತೊಳೆಯುವ ಸೌಕರ್ಯವಿರಲಿಲ್ಲ. ಕೊನೆಗೆ ಊರಲ್ಲೇ ಇದ್ದ ಕೊಡಕ್ ಲ್ಯಾಬಿನಲ್ಲಿ ತೊಳೆದರು, ಮತ್ತೊಂದು ಕಂಪನಿಯಲ್ಲಿ ಮೂರು ಪ್ರತಿ ತೆಗೆದರು. ಅಮೆರಿಕದಲ್ಲಿ, ಅಂಥ ದಿನದಲ್ಲಿ ಕೂಡ ರೀಲು ಹಿಡಿದು ಅಲೆಯಬೇಕಾಯಿತು. ಮಲೆನಾಡಿನ ಮೂಲೆಯವಳು ನಾನು ಯಾವ ಲೆಕ್ಕ!

ಬಣ್ಣ ಹಂಡೆಯಲ್ಲಿತ್ತು

ಕೊಡಾಕ್ರೋಮಿನ ಗುಟ್ಟು ಅಡಿಕೆ ಬೆಳೆಯುವವರಿಗೆ ಬೇಗ ಅರ್ಥವಾಗುತ್ತದೆ. ಹಸಿ ಅಡಿಕೆ ಸುಲಿದಾಗ ಅದರಲ್ಲಿ ಕೆಂಪಿಲ್ಲ. ಹಂಡೆಯಲ್ಲಿ ಬೇಯಿಸಿದಾಗ ನೀರಿಗಿಳಿಯುವ ರಸವೇ ಚೊಗರು. ಅದನ್ನು ಕಾಯ್ದಿಟ್ಟು ಮುಂದಿನ ಹಂಡೆಗೆ ಹೊಯ್ಯುತ್ತಾರೆ. ಆ ಚೊಗರಿನಲ್ಲಿ ಬೆಂದು ಒಣಗಿದ ಮೇಲೆ ಕೆಂಪಡಿಕೆ, ಅದರ ಹೊಳಪು, ಅದಕ್ಕೆ ಮಂಡಿಯಲ್ಲಿ ದರ.

ಬಣ್ಣದ ಬಹುತೇಕ ಫಿಲ್ಮುಗಳಲ್ಲಿ ಬಣ್ಣ ಕಟ್ಟುವ ಪದಾರ್ಥ ಫಿಲ್ಮಿನೊಳಗೇ ಇರುತ್ತದೆ. ಎಕ್ಟಾಕ್ರೋಮ್ ಹಾಗೆ. ಅದನ್ನು ಇ-6 ಎಂಬ ವಿಧಾನದಲ್ಲಿ ತೊಳೆಯುತ್ತಾರೆ. ಮೊದಲ ದ್ರಾವಣ 38 ಡಿಗ್ರಿ ಬಿಸಿ ಇರಬೇಕು, ಒಂದರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ಜಾರುತ್ತದೆ. ಕಷ್ಟವಾದರೂ ಕಲಿತರೆ ಬರುವ ವಿದ್ಯೆ. ಕೊಡಾಕ್ರೋಮಿನೊಳಗೆ ಬಣ್ಣ ಕಟ್ಟುವ ಪದಾರ್ಥವೇ ಇಲ್ಲ. ಮೂರು ಪದರ ಬೆಳ್ಳಿಯ ಲವಣವಿದೆ, ಅಷ್ಟೆ. ಬಣ್ಣವೆಲ್ಲ ಲ್ಯಾಬಿನ ಹಂಡೆಯಲ್ಲಿತ್ತು. ಒಂದೊಂದು ಪದರಕ್ಕೆ ಒಂದೊಂದು ಬಣ್ಣ, ಬೇರೆ ಬೇರೆ ದ್ರಾವಣದಲ್ಲಿ, ಬೇರೆ ಬೇರೆ ಹಂತದಲ್ಲಿ. ಕೆ-14 ಎನ್ನುವ ಈ ವಿಧಾನಕ್ಕೆ ದೊಡ್ಡ ಯಂತ್ರ ಬೇಕು, ದಿನಾ ದ್ರಾವಣ ಪರೀಕ್ಷಿಸುವ ಕೆಮಿಸ್ಟ್ ಬೇಕು. ಈ ವಿದ್ಯೆಯನ್ನು ಕಂಡುಹಿಡಿದವರು ಲಿಯೋಪೋಲ್ಡ್ ಮ್ಯಾನೆಸ್, ಲಿಯೋಪೋಲ್ಡ್ ಗೊಡೊವ್‌ಸ್ಕಿ ಎಂಬ ಇಬ್ಬರು ಸಂಗೀತಗಾರರು. 1935ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು 16 ಎಂಎಂ ಸಿನಿಮಾ ಫಿಲ್ಮಾಗಿ.

ಹೀಗಾಗಿ ಕೊಡಾಕ್ರೋಮ್ ಕೊಂಡವರು ಅದನ್ನು ಕೊಡಕ್ಕಿಗೇ ಮರಳಿಸಬೇಕಿತ್ತು. ಬಹಳ ಕಾಲ ಫಿಲ್ಮಿನ ಬೆಲೆಯಲ್ಲೇ ತೊಳೆಯುವ ಬೆಲೆಯೂ ಸೇರಿರುತ್ತಿತ್ತು. 1954ರಲ್ಲಿ ಅಮೆರಿಕದ ಏಕಸ್ವಾಮ್ಯ ವಿರೋಧಿ ಮೊಕದ್ದಮೆಯ ಫಲವಾಗಿ ಕೊಡಕ್ ಅಲ್ಲಿ ಎರಡನ್ನೂ ಬೇರ್ಪಡಿಸಬೇಕಾಯಿತು. ಆಮೇಲೆ ತೊಳೆಯುವುದಕ್ಕೆಂದೇ ಮೊದಲೇ ಹಣ ಕಟ್ಟಿದ ಲಕೋಟೆಗಳು ಅಂಗಡಿಯಲ್ಲಿ ಸಿಗತೊಡಗಿದವು. ನಮ್ಮ ಡಬ್ಬಿಯಲ್ಲಿದ್ದ ಹಳದಿ ಲಕೋಟೆ ಅಂಥದ್ದು. ರೀಲು ಹಾಕಿ ಅಂಟಿಸಿ ಅಂಚೆಪೆಟ್ಟಿಗೆಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಚಿಕ್ಕಪ್ಪ ದುಡ್ಡು ಕಟ್ಟಿಯೂ ಆಗಿತ್ತು!

ಪಾರ್ಸನ್ಸ್ ಎಂಬ ಕೊನೆಯ ನಿಲ್ದಾಣ

ವೀಡಿಯೊ ಕ್ಯಾಮೆರಾ ಬಂತು, ಆಮೇಲೆ ಡಿಜಿಟಲ್ ಬಂತು. ಕೊಡಕ್ ತನ್ನ ಲ್ಯಾಬುಗಳನ್ನು ಒಂದೊಂದಾಗಿ ಮುಚ್ಚಿತು. ಸೂಪರ್ 8 ಕೊಡಾಕ್ರೋಮ್ ಮಾರಾಟ 2005ರಲ್ಲಿ ನಿಂತಿತು. ಯುರೋಪಿನ ರೀಲುಗಳೆಲ್ಲ ಹೋಗುತ್ತಿದ್ದ ಸ್ವಿಟ್ಜರ್‌ಲೆಂಡಿನ ಲ್ಯಾಬು 2006ರಲ್ಲಿ ಬಾಗಿಲು ಹಾಕಿತು. ಕೊನೆಗೆ ಇಡೀ ಭೂಮಿಯ ಮೇಲೆ ಕೊಡಾಕ್ರೋಮ್ ತೊಳೆಯುವ ಒಂದೇ ಒಂದು ಜಾಗ ಉಳಿಯಿತು: ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಪುಟ್ಟ ಊರಿನ ಡ್ವೇನ್ಸ್ ಫೋಟೋ. ಒಂದು ಕುಟುಂಬ 1956ರಲ್ಲಿ ಶುರುಮಾಡಿದ ಅಂಗಡಿ.

ಕೊಡಕ್ 2009ರಲ್ಲಿ ಕೊಡಾಕ್ರೋಮ್ ತಯಾರಿಕೆಯನ್ನೇ ನಿಲ್ಲಿಸಿತು. ಕಾರ್ಖಾನೆಯಿಂದ ಬಂದ ಕೊನೆಯ ರೋಲನ್ನು ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿಗೆ ಕೊಟ್ಟರು. 36 ಚಿತ್ರದ ಆ ರೋಲಿನಲ್ಲಿ ಒಂದಷ್ಟನ್ನು ಆತ ನಮ್ಮ ದೇಶಕ್ಕೇ ಬಂದು ತೆಗೆದ, ಮುಂಬಯಿಯ ಸಿನಿಮಾ ಮಂದಿಯನ್ನು, ರಾಜಸ್ಥಾನದ ರಬಾರಿ ಜನರನ್ನು. ಆಮೇಲೆ ರೋಲನ್ನು ತಾನೇ ಪಾರ್ಸನ್ಸಿಗೆ ಒಯ್ದು 2010ರ ಜುಲೈಯಲ್ಲಿ ಒಪ್ಪಿಸಿದ. ಅಂಚೆಯನ್ನು ನಂಬಲಿಲ್ಲ ನೋಡಿ.

ಕೊಡಕ್ ರಾಸಾಯನಿಕಗಳನ್ನೂ ಮಾಡುವುದು ಬಿಟ್ಟಿದ್ದರಿಂದ ಡ್ವೇನ್ಸ್‌ನವರು 2010ರ ಡಿಸೆಂಬರ್ 30 ಕೊನೆಯ ದಿನ ಎಂದು ಸಾರಿದರು. ಜಗತ್ತಿನ ಮೂಲೆಮೂಲೆಯಿಂದ ಪೊಟ್ಟಣಗಳು ಬಂದು ಬಿದ್ದವು. ರೈಲ್ವೆ ನೌಕರನೊಬ್ಬ ಅರ್ಕಾನ್ಸಾ ರಾಜ್ಯದಿಂದ ಕಾರಿನಲ್ಲಿ ಬಂದು ತನ್ನ 1,580 ರೋಲುಗಳನ್ನು ಬಿಡಿಸಿಕೊಂಡು ಹೋದನಂತೆ. ಸುಮಾರು ಹದಿನಾರು ಸಾವಿರ ಡಾಲರ್ ಬಿಲ್ಲು. ಹೆಚ್ಚುಕಡಿಮೆ ಎಲ್ಲವೂ ರೈಲಿನ ಚಿತ್ರಗಳು. ಬಂದು ಬಿದ್ದ ರೋಲುಗಳನ್ನು ಮುಗಿಸಿ 2011ರ ಜನವರಿಯಲ್ಲಿ ಯಂತ್ರ ನಿಲ್ಲಿಸಿದರು.

ನಾನು ಡಬ್ಬಿಯ ಮುಚ್ಚಳ ತೆಗೆದದ್ದು ಅದಾಗಿ ಮೂರು ವರ್ಷ ಕಳೆದ ಮೇಲೆ. ನಮ್ಮ ಅಡಿಕೆ ಸುಲಿದು ಸಿದ್ಧವಿತ್ತು. ಊರಲ್ಲಿ ಹಂಡೆ ಇಟ್ಟವರೇ ಉಳಿದಿರಲಿಲ್ಲ.

ಗಾಜಿನಂಥ ಐವತ್ತು ಅಡಿ

ಇಷ್ಟೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಮೊದಲ ರೀಲನ್ನು ಚೀಲಕ್ಕೆ ಹಾಕಿಕೊಂಡು ಮಹಾನಗರದ ಒಂದು ಲ್ಯಾಬಿಗೆ ಹೋದೆ. ಹೆಸರು ಬೇಡ. ಕೌಂಟರಿನ ಹುಡುಗ ಪೆಟ್ಟಿಗೆ ತಿರುಗಿಸಿ ನೋಡಿ, “ಸ್ಲೈಡ್ ಫಿಲಂ ತಾನೇ ಮೇಡಂ, ಮಾಡಿಕೊಡ್ತೀವಿ, ಹತ್ತು ದಿನ ಬಿಟ್ಟು ಬನ್ನಿ” ಅಂದ. ಅವನ ಧೈರ್ಯ ಕಂಡು ನನಗೂ ಧೈರ್ಯ ಬಂತು. ಯಾವ ವಿಧಾನದಲ್ಲಿ ತೊಳೆಯುತ್ತೀರಿ ಎಂದು ಕೇಳಲಿಲ್ಲ. ರಸಾಯನಶಾಸ್ತ್ರದ ಮೇಡಂ ಕೇಳಬೇಕಿದ್ದ ಒಂದೇ ಪ್ರಶ್ನೆ ಅದು.

ಹತ್ತು ದಿನ ಬಿಟ್ಟು ಹೋದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫಿಲ್ಮು ಕೊಟ್ಟರು. ಕಿಟಕಿಗೆ ಹಿಡಿದೆ. ಈ ತುದಿಯಿಂದ ಆ ತುದಿಯವರೆಗೆ ಗಾಜಿನಷ್ಟು ನಿಚ್ಚಳ. ಅಲ್ಲಲ್ಲಿ ಮಸಿಯ ಕಲೆ ಬಿಟ್ಟರೆ ಏನಿಲ್ಲ. “ಫಿಲಂ ಹಳೇದು ಮೇಡಂ, ಏನೂ ಬಂದಿಲ್ಲ” ಅಂದರು.

ಫಿಲ್ಮು ಹಳೆಯದಾಗಿತ್ತು ನಿಜ. ಬರಿದಾದದ್ದು ಅದರಿಂದಲ್ಲ. ಕೊಡಾಕ್ರೋಮನ್ನು ಇ-6 ವಿಧಾನದಲ್ಲಿ ತೊಳೆದರೆ, ಬಣ್ಣ ಕಟ್ಟುವ ಪದಾರ್ಥ ಫಿಲ್ಮಿನಲ್ಲೂ ಇಲ್ಲ, ದ್ರಾವಣದಲ್ಲೂ ಇಲ್ಲ. ಬೆಳ್ಳಿ ಮಾತ್ರ ಕಪ್ಪಾಗುತ್ತದೆ. ಆ ವಿಧಾನದ ಕೊನೆಗೆ ಬ್ಲೀಚು ಮತ್ತು ಫಿಕ್ಸರ್ ಸೇರಿ ಬೆಳ್ಳಿಯನ್ನೆಲ್ಲ ಕರಗಿಸಿ ತೆಗೆಯುತ್ತವೆ. ಉಳಿಯುವುದು ಬರೀ ಪ್ಲಾಸ್ಟಿಕ್. ಕೊಡಾಕ್ರೋಮಿನ ಬೆನ್ನಿಗೆ ರೆಮ್‌ಜೆಟ್ ಎಂಬ ಮಸಿಯ ಲೇಪವಿರುತ್ತದೆ, ಅದು ಬಿಟ್ಟುಕೊಂಡು ಅವರ ದ್ರಾವಣವೂ ಕೆಟ್ಟಿರಬೇಕು. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಮರಳುವಾಗ ಹೆಚ್ಚು ಸಿಟ್ಟು ಬಂದದ್ದು ನನ್ನ ಮೇಲೆಯೇ.

ಲ್ಯಾಬು ಬದುಕುವುದು ಹೇಗೆ?

ಆಮೇಲೆ ಹುಡುಕುವುದನ್ನು ಸರಿಯಾಗಿ ಕಲಿತೆ. ಮೊದಲು ಅರ್ಥವಾದದ್ದು, ಲ್ಯಾಬು ಅನ್ನುವುದು ಹೋಟೆಲಿನ ದೋಸೆಹಿಟ್ಟಿನಂತೆ. ದಿನಾ ಗಿರಾಕಿ ಬಂದರೆ ಹಿಟ್ಟು ತಾಜಾ. ವಾರಕ್ಕೊಬ್ಬ ಬಂದರೆ ಹುಳಿ ಬಂದು ಚೆಲ್ಲಬೇಕು. ಡೆವಲಪರ್ ಗಾಳಿ ತಾಗಿದರೆ ಕೆಡುತ್ತದೆ. ಫಿಲ್ಮು ಹಾಯ್ದಷ್ಟೂ ಹೊಸ ದ್ರಾವಣ ಸೇರಿಸಿ ಹದ ಕಾಯಬೇಕು. ಆದ್ದರಿಂದ ಉಳಿದ ಲ್ಯಾಬುಗಳು ರೀಲುಗಳನ್ನು ಕೂಡಿಹಾಕಿ, ಸಾಕಷ್ಟಾದ ಮೇಲೆ ಒಮ್ಮೆಗೇ ತೊಳೆಯುತ್ತವೆ. ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ ಕಾಯಬೇಕು. ಕಾಯಿಸುವ ಲ್ಯಾಬಿನ ಮೇಲೆ ಈಗ ನನಗೆ ಗೌರವ ಹೆಚ್ಚು.

ನಮ್ಮಲ್ಲಿ ಸಿನಿಮಾ ಲ್ಯಾಬುಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದವು. ಕನ್ನಡ ಚಿತ್ರಗಳ ರೀಲು ಬಹುಕಾಲ ಮದ್ರಾಸಿಗೆ ಹೋಗಿ ತೊಳೆದು ಬರುತ್ತಿತ್ತು. ಆದರೆ ಅವು 35 ಎಂಎಂ ನೆಗೆಟಿವ್‌ಗೆ ಕಟ್ಟಿದ ಯಂತ್ರಗಳು. ಸೂಪರ್ 8ಕ್ಕೆ ಬೇರೆ ಹಲ್ಲಿನ ಚಕ್ರ ಬೇಕು, ರಿವರ್ಸಲ್‌ಗೆ ಬೇರೆ ದ್ರಾವಣಗಳ ಸಾಲೇ ಬೇಕು. ಥಿಯೇಟರುಗಳು ಡಿಜಿಟಲ್ ಆದಮೇಲೆ ಆ 35 ಎಂಎಂ ಲ್ಯಾಬುಗಳೂ ಒಂದೊಂದಾಗಿ ನಿಂತವು.

ಹೊರದೇಶಗಳಲ್ಲಿ ಕೆಲವು ಗಟ್ಟಿಯಾಗಿ ಉಳಿದಿವೆ. ಬರ್ಲಿನ್ನಿನ ಆಂಡೆಕ್, ಇಂಗ್ಲೆಂಡಿನ ಸಿನೆಲ್ಯಾಬ್, ಅಮೆರಿಕದ ಬರ್ಬ್ಯಾಂಕಿನ ಪ್ರೊ8ಎಂಎಂ ಸಣ್ಣ ಅಳತೆಯ ಫಿಲ್ಮಿನವರ ಬಾಯಲ್ಲಿ ಸದಾ ಇರುವ ಹೆಸರುಗಳು. ಕೆನಡಾದ ಸಸ್ಕಾಚೆವಾನ್ ಪ್ರಾಂತದ ಇಂಡಿಯನ್ ಹೆಡ್ ಎಂಬ ಊರಿನ ಫಿಲ್ಮ್ ರೆಸ್ಕ್ಯೂ ಇಂಟರ್‌ನ್ಯಾಶನಲ್‌ನವರದ್ದು ನನ್ನಂಥವರ ಕೇಸೇ ಕಸುಬು: ತೊಳೆಯದೆ ಉಳಿದ ಹಳೆಯ, ಈಗ ವಿಧಾನವೇ ಇಲ್ಲದ ಫಿಲ್ಮುಗಳು. ಮುಂಬಯಿಯಲ್ಲಿ ಹರ್ಕತ್ ಸ್ಟುಡಿಯೋಸ್ 16 ಎಂಎಂ ಚಿತ್ರಗಳದ್ದೇ ಉತ್ಸವ ನಡೆಸಿ ಹೊಸಬರ ಕೈಗೆ ಫಿಲ್ಮು ಕೊಡುತ್ತಿದೆ.

ಫಿಲ್ಮೂ ಪೂರ್ತಿ ಸತ್ತಿಲ್ಲ. 2012ರಲ್ಲಿ ನಿಂತಿದ್ದ ಎಕ್ಟಾಕ್ರೋಮನ್ನು ಕೊಡಕ್ 2018ರಲ್ಲಿ ಮತ್ತೆ ಶುರುಮಾಡಿತು, ಸೂಪರ್ 8 ಪೆಟ್ಟಿಗೆಯಲ್ಲೂ ಸಿಗುತ್ತದೆ. ಕಪ್ಪು ಬಿಳುಪಿಗೆ ಕೊಡಕ್ಕಿನ ಟ್ರೈ-ಎಕ್ಸ್ ಇದೆ, ಚೆಕ್ ದೇಶದ ಫೋಮಾ ಕಂಪನಿಯ ಫೋಮಾಪಾನ್ ಆರ್ 100 ಇದೆ. ಜಪಾನಿನ ಫ್ಯೂಜಿ ಮಾತ್ರ ತನ್ನ ಸಿಂಗಲ್-8 ರೀಲುಗಳನ್ನು ತೊಳೆಯುವುದನ್ನು 2013ರಲ್ಲಿ ಕೈಬಿಟ್ಟಿತು.

ಸಾಗಿಸುವುದು ಇನ್ನೊಂದು ತಲೆನೋವು. ತೊಳೆಯದ ಫಿಲ್ಮಿಗೆ ಎಕ್ಸ್-ರೇ ಶತ್ರು. ವಿಮಾನ ನಿಲ್ದಾಣಗಳ ಹೊಸ ಸಿಟಿ ಸ್ಕ್ಯಾನರುಗಳೊಳಗೆ ಒಮ್ಮೆ ಹೋದರೂ ಮಂಜು ಕವಿಯುತ್ತದೆ. ಕೈಯಲ್ಲಿ ಒಯ್ಯುವುದಾದರೆ ತಪಾಸಣೆಯವರನ್ನು ಕೈಯಿಂದಲೇ ನೋಡುವಂತೆ ಬೇಡಿಕೊಳ್ಳಬೇಕು. ಚೆಕ್-ಇನ್ ಸಾಮಾನಿನಲ್ಲಂತೂ ಇಡಲೇಬಾರದು. ತೊಳೆದಾದ ಮೇಲೆ ಈ ಭಯವಿಲ್ಲ.

ಬಚ್ಚಲಮನೆಯ ಲ್ಯಾಬು

ಎರಡನೇ ರೀಲನ್ನು ಕೆನಡಾಕ್ಕೆ ಕಳಿಸುವ ಯೋಚನೆಯಲ್ಲಿದ್ದಾಗ 2020 ಬಂತು. ನಾನು ನಿವೃತ್ತಳಾದೆ, ಕೊರೊನಾ ಬಂದು ಲೋಕದ ಬಾಗಿಲು ಮುಚ್ಚಿತು. ಅಣ್ಣನ ಮಗ ಹಿಂದಿನ ವರ್ಷ ತಂದುಕೊಟ್ಟಿದ್ದ ಮೂರು ಟ್ರೈ-ಎಕ್ಸ್ ಪೆಟ್ಟಿಗೆ ಮನೆಯಲ್ಲಿತ್ತು. ಚಿಕ್ಕಪ್ಪನದೇ ಹಳೇ ಕ್ಯಾಮೆರಾಕ್ಕೆ ಬ್ಯಾಟರಿ ಹಾಕಿ, ಹಿತ್ತಲಿನ ಬಾಳೆ, ಬೆಕ್ಕು, ಪೇಪರು ಓದುವ ಯಜಮಾನರು ಎಲ್ಲವನ್ನೂ ತೆಗೆದು, ತೊಳೆಯುವುದನ್ನು ಅಭ್ಯಾಸ ಮಾಡಿದೆ.

ಮೊದಲ ರೀಲು ಸ್ಟೀಲ್ ಬಕೆಟ್ಟಿನಲ್ಲಿ ಶ್ಯಾವಿಗೆ ಹಾಗೆ ಗಂಟುಗಂಟಾಗಿ ಬಿದ್ದು, ಒಂದಕ್ಕೊಂದು ಅಂಟಿದಲ್ಲೆಲ್ಲ ಚಿತ್ರ ಬರಲಿಲ್ಲ. ಎರಡನೆಯದಕ್ಕೆ ಕೈಯಾಡಿಸುತ್ತಲೇ ಇದ್ದೆ. ಬ್ಲೀಚಿನ ನಂತರ ಫಿಲ್ಮು ಕೆನೆಬಣ್ಣಕ್ಕೆ ತಿರುಗಿತು. ಟ್ಯೂಬ್‌ಲೈಟಿನಡಿ ಹಿಡಿದು ಮಗುಚಿ ಮಗುಚಿ ಬೆಳಕು ತೋರಿಸಿ ಎರಡನೇ ಡೆವಲಪರಿಗೆ ಬಿಟ್ಟೆ. ಒಂದು ನಿಮಿಷದೊಳಗೆ ಕೆನೆಯೆಲ್ಲ ಕಪ್ಪಾಗಿ, ಉದ್ದಿನ ಕಾಳಿನಷ್ಟು ಜಾಗದಲ್ಲಿ ನಮ್ಮ ಯಜಮಾನರು ಪೇಪರು ಮಡಚುತ್ತಿದ್ದರು. ಅವರನ್ನು ಕೂಗಿ ತೋರಿಸಿದೆ. “ಇದಕ್ಕೆ ಎರಡು ದಿನ ಸ್ನಾನ ತಪ್ಪಿಸಿದೆಯಲ್ಲ” ಅಂದರು.

ಇಲ್ಲಿ ಮೇಡಂ ಆಗಿ ಒಂದು ಎಚ್ಚರಿಕೆ. ಬ್ಲೀಚಿನಲ್ಲಿ ಗಂಧಕಾಮ್ಲವಿರುತ್ತದೆ. ಅದರ ಜೊತೆ ಬಳಸುವ ಡೈಕ್ರೋಮೇಟು ಕ್ಯಾನ್ಸರಿಗೆ ಕಾರಣವಾಗುವ ವಿಷ. ನಾನು ಬಳಸಿದ್ದು ಪರ್ಮಾಂಗನೇಟು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಕೈಗವಸು, ಕನ್ನಡಕ ಇಲ್ಲದೆ, ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಕೈಹಾಕಬೇಡಿ.

ಜುಲೈ ತಿಂಗಳ ಒಂದು ರಾತ್ರಿ ಕೊಡಾಕ್ರೋಮಿನ ಸರದಿ ಬಂತು. ಬಣ್ಣ ಬರುವ ಆಸೆಯಿಲ್ಲ. ಕೊಡಾಕ್ರೋಮನ್ನು ಈಗ ಕಪ್ಪು ಬಿಳುಪಿನಲ್ಲಿ ಮಾತ್ರ ತೊಳೆಯಬಹುದು. ಅದರಲ್ಲೂ ರಿವರ್ಸಲ್ ಮಾಡುವ ಸಾಹಸ ಮಾಡಲಿಲ್ಲ. ಇಷ್ಟು ಹಳೆಯ ಫಿಲ್ಮಿನಲ್ಲಿ ಮೂಡುವುದೇ ಮಸುಕು, ನೆಗೆಟಿವ್ ಆಗಿ ಉಳಿಸಿಕೊಂಡರೆ ಕಂಪ್ಯೂಟರಿನಲ್ಲಿ ತಿರುಗಿಸಿಕೊಳ್ಳಬಹುದು. ಹಳೆಯ ಫಿಲ್ಮಿನ ಲ್ಯಾಬುಗಳ ದಾರಿಯೂ ಇದೇ. ಬಚ್ಚಲ ಬಾಗಿಲಿನ ಸಂದಿಗೆ ಕಂಬಳಿ ತುರುಕಿ, ಕತ್ತಲಲ್ಲಿ ಇಕ್ಕಳದಿಂದ ಪೆಟ್ಟಿಗೆ ಒಡೆದೆ. ನಲವತ್ತು ವರ್ಷ ಸುತ್ತಿಕೊಂಡಿದ್ದ ಫಿಲ್ಮು ಕೈಯಲ್ಲಿ ಸ್ಪ್ರಿಂಗಿನ ಹಾಗೆ ಜಿಗಿಯಿತು. ಡೆವಲಪರಿಗೆ ಮಂಜು ತಡೆಯಲೆಂದು ಪೊಟ್ಯಾಸಿಯಂ ಬ್ರೋಮೈಡ್ ಹಾಕಿದ್ದೆ, ತಂಪಿಗೆ ಹೊರಗಿನಿಂದ ಐಸಿನ ತುಂಡು. ಹೈಪೋ ಎಂಬ ಫಿಕ್ಸರಿನಲ್ಲಿ ಅದ್ದಿ ತೆಗೆದ ಮೇಲೆ ದೀಪ ಹಾಕಿದೆ. ಬೆನ್ನಿನ ರೆಮ್‌ಜೆಟ್ ಮಸಿಯನ್ನು ವಾಷಿಂಗ್ ಸೋಡಾದ ನೀರಿನಲ್ಲಿ ನೆನೆಸಿದ ಸ್ಪಂಜಿನಿಂದ ಒರೆಸಿದಷ್ಟೂ ಬಂತು, ಬಕೆಟ್ಟು ಇದ್ದಿಲ ಅಂಗಡಿಯಾಯಿತು.

ಪಡಸಾಲೆಯಲ್ಲಿ ಬಟ್ಟೆ ಹಗ್ಗಕ್ಕೆ ಐದು ಸಾಲಾಗಿ ಇಳಿಬಿಟ್ಟು ಫ್ಯಾನು ಹಾಕಿದೆ. ಹೊರಗೆ ಮಳೆ. ಬೆಳಿಗ್ಗೆ ಮೊಬೈಲನ್ನು ದೀಪವಾಗಿಟ್ಟು ಭೂತಗನ್ನಡಿಯಲ್ಲಿ ನೋಡುತ್ತ ಹೋದೆ. ಮೊದಲ ಮೂವತ್ತು ಅಡಿ ಬರೀ ಕಂದು ಮಸುಕು. ಆಮೇಲೆ ಅಂಗಳ. ಮೂರು ಕಲ್ಲಿನ ಒಲೆಯ ಮೇಲೆ ಅಡಿಕೆ ಹಂಡೆ, ಅದರಿಂದೇಳುವ ಆವಿ. ಪಕ್ಕದಲ್ಲಿ ನಮ್ಮಜ್ಜಿ. ಕ್ಯಾಮೆರಾ ಎಂದರೆ ಫೋಟೋ ಎಂದುಕೊಂಡಿದ್ದಾಳೆ, ಅಲ್ಲಾಡಿದರೆ ಕೆಡುತ್ತದೆಂದು ಕೈ ಕಟ್ಟಿ ಕಂಬದ ಹಾಗೆ ನಿಂತಿದ್ದಾಳೆ. ಸೆರಗು ಮಾತ್ರ ಗಾಳಿಗೆ ಆಡುತ್ತಿದೆ. ಅಣ್ಣನ ಮಗ ಆಮೇಲೆ ಅದನ್ನು ಸ್ಕ್ಯಾನ್ ಮಾಡಿಸಿ ಓಡಿಸಿ ತೋರಿಸಿದ. ನೋಡುವ ಹಾಗಿರುವುದು ಒಟ್ಟು ನಲವತ್ತೊಂದು ಸೆಕೆಂಡು. ಹಂಡೆಯ ಚೊಗರು ಅದರಲ್ಲಿ ಬೂದು ಬಣ್ಣಕ್ಕಿದೆ. ಕೆಂಪಿಗೆ ಹೆಸರಾದ ಫಿಲ್ಮು ಕೊಡಾಕ್ರೋಮ್.

ನಿಮ್ಮ ಅಟ್ಟದಲ್ಲೂ ಇದ್ದರೆ

ಈ ಕತೆ ಹೇಳಿದಲ್ಲೆಲ್ಲ ಒಬ್ಬರಾದರೂ, “ನಮ್ಮ ಮಾವನ ರೀಲುಗಳೂ ಇವೆ” ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಫಿಲ್ಮು ಬಿಡಿ ಚಕ್ರಕ್ಕೆ ಸುತ್ತಿದ್ದು, ಬೆಳಕಿಗೆ ಹಿಡಿದರೆ ಚಿತ್ರ ಕಂಡರೆ, ಅದನ್ನು ಆಗಲೇ ತೊಳೆದಿದೆ. ನಿಮಗೆ ಬೇಕಾದದ್ದು ತೊಳೆಯುವ ಲ್ಯಾಬಲ್ಲ, ಸ್ಕ್ಯಾನ್ ಮಾಡುವವರು. ವಿನಿಗರ್ ವಾಸನೆ ಬರುತ್ತಿದ್ದರೆ ಫಿಲ್ಮು ಕೊಳೆಯಲು ಶುರುವಾಗಿದೆ, ತಡಮಾಡಬೇಡಿ. ಊರಿನ ಜಾತ್ರೆಯೋ ಚಳವಳಿಯೋ ಅದರಲ್ಲಿದೆ ಅನ್ನಿಸಿದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನಂಥ ಕಡೆ ವಿಚಾರಿಸಿ.

ಫಿಲ್ಮು ಮುಚ್ಚಿದ ಪೆಟ್ಟಿಗೆಯಲ್ಲಿದ್ದರೆ ತೆರೆಯಬೇಡಿ. ಮೇಲಿನ ಹೆಸರನ್ನು, ಸಣ್ಣಕ್ಷರದಲ್ಲಿ ಬರೆದ ವಿಧಾನದ ಹೆಸರನ್ನು ಫೋಟೋ ತೆಗೆದುಕೊಳ್ಳಿ. ಕೊಡುವ ಮುನ್ನ ಲ್ಯಾಬಿನವರಿಗೆ ಮೂರು ಪ್ರಶ್ನೆ ಕೇಳಿ: ಇದನ್ನು ಯಾವ ವಿಧಾನದಲ್ಲಿ ತೊಳೆಯುತ್ತೀರಿ? ಇದೇ ಅಳತೆಯ ಫಿಲ್ಮನ್ನು ಕೊನೆಯ ಸಲ ತೊಳೆದದ್ದು ಯಾವಾಗ? ಒಂದೆರಡು ಅಡಿ ಕತ್ತರಿಸಿ ಮೊದಲು ಪರೀಕ್ಷಿಸುತ್ತೀರಾ? ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟವರಿಗೆ ಕೊಡಿ. “ಆಗುತ್ತದೆ ಬಿಡಿ” ಅಂದವರಿಗೆ ನಮಸ್ಕಾರ ಹೇಳಿ ಬನ್ನಿ. ಹೊಸದಾಗಿ ಸೂಪರ್ 8 ಹಿಡಿಯುವ ಹುಡುಗರೇ, ಫಿಲ್ಮು ಕೊಳ್ಳುವ ಮೊದಲು ಅದನ್ನು ತೊಳೆಯುವವರ ವಿಳಾಸ ಇಟ್ಟುಕೊಳ್ಳಿ. ಚಿತ್ರ ತೆಗೆದ ವಾರದೊಳಗೆ ಕಳಿಸಿಬಿಡಿ. ನಾಲ್ಕು ಜನ ಕಳಿಸುತ್ತಿದ್ದರಷ್ಟೇ ಆ ಲ್ಯಾಬಿನ ಬಾಗಿಲು ತೆರೆದಿರುತ್ತದೆ.

ಮೊದಲ ರೀಲಿನ ಗಾಜಿನಂಥ ಐವತ್ತು ಅಡಿಯನ್ನು ನಾನು ಎಸೆದಿಲ್ಲ. ಅದೇ ಬಿಸ್ಕತ್ತಿನ ಡಬ್ಬಿಯಲ್ಲಿ, ಅಂಚೆಗೆ ಹಾಕದೆ ಉಳಿದ ಹಳದಿ ಲಕೋಟೆಯ ಜೊತೆ ಇಟ್ಟಿದ್ದೇನೆ. ಯಾರಾದರೂ ರೀಲು ಹಿಡಿದು ಮನೆಗೆ ಬಂದರೆ, ಕಾಫಿ ಕೊಡುವ ಮೊದಲು ಅದನ್ನು ಕಿಟಕಿಗೆ ಹಿಡಿದು ತೋರಿಸುತ್ತೇನೆ.